ಡ್ರಿಲ್ ಟೀಚರ ತಪಾಸಣೆ

ಯಂತ್ರ ಮನೆಗೆ ಬರುತ್ತದೆ ಎಂದು ಗೊತ್ತಾದ ದಿನದಿಂದ ಅತ್ತೆಗೆ ಎಲ್ಲಿಲ್ಲದ ಹುರುಪು. ಕಿಟಕಿಯ ಪರದೆ ಒಗೆಸಿದರು. ಹಾಸಿಗೆಯ ಮೇಲಿನ ರಬ್ಬರ್ ಶೀಟನ್ನು ಮಡಿಚಿ ಕಪಾಟಿನ ಹಿಂದೆ ತುರುಕಿಸಿದರು. ಬಚ್ಚಲಿನ ಪ್ಲಾಸ್ಟಿಕ್ ಕುರ್ಚಿ ಮೆಟ್ಟಿಲ ಕೆಳಗೆ ಹೋಯಿತು, ಊರುಗೋಲು ಬಾಗಿಲ ಹಿಂದಕ್ಕೆ.

“ಅತ್ತೆ, ಅವರು ಬರ್ತಿರೋದೇ ಇವನ್ನೆಲ್ಲ ನೋಡೋಕೆ,” ಎಂದಳು ಸೊಸೆ.

“ನೀನು ಎಷ್ಟು ಇನ್‌ಸ್ಪೆಕ್ಷನ್ ಕಂಡಿದ್ದೀಯಾ? ಬಸ್ಸಲ್ಲಿ ಟಿಕೆಟ್ ಹರಿಯೋಳಿಗೆ ಅದೆಲ್ಲ ಏನು ಗೊತ್ತು? ಚೆನ್ನಾಗಿ ಕಂಡ ಶಾಲೆಗೇ ಗ್ರ್ಯಾಂಟು. ಹರಕು ಚೆಂಡು ತೋರಿಸಿದ ಶಾಲೆಗೆ ಹೊಸ ಚೆಂಡು ಬಂದದ್ದನ್ನ ನಾನಂತೂ ನೋಡಿಲ್ಲ.”

ಆಯಸ್ಸಿನ ಬಹುಪಾಲನ್ನು ಶಾಲೆಯ ಮೈದಾನದಲ್ಲಿ ಸೀಟಿ ಊದುತ್ತ ಕಳೆದವರು ಅವರು. ಬೀದಿಯವರಿಗೆಲ್ಲ ಈಗಲೂ ಡ್ರಿಲ್ ಟೀಚರ್. ಇನ್‌ಸ್ಪೆಕ್ಟರು ಬರುವ ದಿನ ಕೆಮ್ಮುವ ಮಕ್ಕಳನ್ನು ಮನೆಗೆ ಕಳಿಸಿ, ಹೆಜ್ಜೆ ತಪ್ಪುವವರನ್ನು ಹಿಂದಿನ ಸಾಲಿಗೆ ತಳ್ಳಿ, ಮುಂದಿನ ಸಾಲನ್ನು ಗೆರೆ ಎಳೆದಂತೆ ನಿಲ್ಲಿಸುವುದರಲ್ಲಿ ಅವರನ್ನು ಮೀರಿಸಿದವರಿರಲಿಲ್ಲ. ಲಕ್ವ ಹೊಡೆದು ಎಡಗಾಲು ಎಳೆಯತೊಡಗಿದ ಮೇಲೂ ಆ ಅಭ್ಯಾಸ ಬಿಟ್ಟು ಹೋಗಿರಲಿಲ್ಲ.

ಅವರನ್ನು ನೋಡಿಕೊಳ್ಳಲು ಸರ್ಕಾರದ ಕಡೆಯಿಂದ ದಿನವೂ ಒಬ್ಬಳು ಬರುತ್ತಿದ್ದಳು. ಬಾಗಿಲು ಧಡಾರ್, ಪಾತ್ರೆ ಢಣಾರ್, ಬಾಯಿ ಪಟಪಟ. ಅತ್ತೆ ಅವಳಿಗೆ ಬಿರುಗಾಳಿ ಎಂದು ಹೆಸರಿಟ್ಟಿದ್ದರು. ಆ ಬಿರುಗಾಳಿಯ ಆಸರೆಯಲ್ಲೇ ಸೊಸೆ ಕಂಡಕ್ಟರ್ ಕೆಲಸಕ್ಕೆ ಹೋಗಿಬರುತ್ತಿದ್ದಳು. ಗಂಡ ತೀರಿಹೋದ ಮೇಲೆ ಮನೆಯಲ್ಲಿ ಉಳಿದವರು ಅತ್ತೆ ಸೊಸೆ ಇಬ್ಬರೇ. ಈಗ ಯಾರಿಗೆ ಎಷ್ಟು ಆರೈಕೆ ಬೇಕೆಂದು ಡಾಕ್ಟರ ಬದಲು ಆರೋಗ್ಯ ಇಲಾಖೆಯ ಕೃತಕ ಬುದ್ಧಿಯ ಯಂತ್ರ ತೀರ್ಮಾನಿಸುತ್ತಿತ್ತು. ಬಿರುಗಾಳಿ ಇನ್ನು ಮುಂದೆ ಬರುವುದೂ ಬಿಡುವುದೂ ಅದರ ಮಾತಿನ ಮೇಲೆ ನಿಂತಿತ್ತು.

ಯಂತ್ರವೆಂದರೆ ಏನೋ ಎಂದುಕೊಂಡಿದ್ದರೆ, ಬಂದದ್ದು ಸ್ಟ್ಯಾಂಡಿನ ಮೇಲೆ ಕೂರಿಸಿದ ಒಂದು ಪರದೆ, ಅದರ ನೆತ್ತಿಯಲ್ಲೊಂದು ಕ್ಯಾಮೆರಾ. ಹೊತ್ತು ತಂದ ಇಲಾಖೆಯವನು ಬೆವರು ಒರೆಸಿಕೊಂಡು ಅದನ್ನು ಅತ್ತೆಯ ಎದುರು ನಿಲ್ಲಿಸಿದ. ಅತ್ತೆ ಇಸ್ತ್ರಿ ಮಾಡಿದ ಬಿಳಿ ಬಟ್ಟೆ ತೊಟ್ಟು, ಬೆನ್ನು ನೆಟ್ಟಗೆ ಮಾಡಿಕೊಂಡು ಕೂತಿದ್ದರು.

“ದಯವಿಟ್ಟು ಕುರ್ಚಿಯಿಂದ ಎದ್ದು ನಿಲ್ಲಿ,” ಎಂದಿತು ಯಂತ್ರ. ಹೆಣ್ಣುದನಿ, ಸಕ್ಕರೆ ಹಾಕಿದಂತೆ.

ಅತ್ತೆ ಎದ್ದರು. ಸೊಸೆ ಅಡುಗೆಮನೆಯ ಬಾಗಿಲಲ್ಲಿ ಉಸಿರು ಹಿಡಿದಳು. ದಿನಾ ಎಬ್ಬಿಸಲು ಬಿರುಗಾಳಿ ಕಂಕುಳಿಗೆ ಕೈ ಕೊಡಬೇಕಿತ್ತು.

“ಗೋಡೆಯವರೆಗೆ ನಡೆದು ಮರಳಿ ಬನ್ನಿ.”

ಅತ್ತೆ ನಡೆದರು. ಅದು ನಡಿಗೆಯಲ್ಲ, ಪೆರೇಡು. ಹಲ್ಲು ಕಚ್ಚಿ, ಎಡಗಾಲನ್ನು ಸೊಂಟದಿಂದಲೇ ಎತ್ತಿ ಎತ್ತಿ ಇಟ್ಟು, ಗೋಡೆ ಮುಟ್ಟಿ ತಿರುಗಿ ಬಂದರು. ಹಣೆಯ ನರ ಉಬ್ಬಿತ್ತು.

“ಸ್ನಾನ ನೀವೇ ಮಾಡುತ್ತೀರಾ?”

“ಯಾಕೆ, ನೀನು ಬಂದು ಮಾಡಿಸ್ತೀಯೇನಮ್ಮ?”

“ಉತ್ತರ ಅರ್ಥವಾಗಲಿಲ್ಲ. ಹೌದು ಅಥವಾ ಇಲ್ಲ ಎಂದು ಹೇಳಿ.”

“ಹೌದು.”

ಬಟ್ಟೆ ನೀವೇ ಹಾಕಿಕೊಳ್ಳುತ್ತೀರಾ? ಹೌದು. ಮೂತ್ರ ಹಿಡಿದುಕೊಳ್ಳಲು ತೊಂದರೆಯಿದೆಯೇ? “ಛೀ, ಇಲ್ಲ.” ಇಲಾಖೆಯವನು ಸೊಸೆಯ ಕಡೆ ತಿರುಗಿದ. “ಮನೆಯವರು ಏನಾದ್ರೂ ಹೇಳೋದಿದ್ರೆ ಹೇಳಬಹುದು.” ಅತ್ತೆಯೂ ತಿರುಗಿ ನೋಡಿದರು. ಹೊರಗಿನವನೊಬ್ಬನ ಎದುರು ಹಿರಿಯ ಹೆಂಗಸಿನ ಹಾಸಿಗೆಯ ಮಾತು ಎತ್ತುವುದು ಹೇಗೆ? ಸೊಸೆ ಒಗ್ಗರಣೆ ಸೌಟನ್ನು ಒರೆಸತೊಡಗಿದಳು.

ಯಂತ್ರ ಮೆಟ್ಟಿಲಿಳಿದು ಹೋದದ್ದೇ ತಡ, ಅತ್ತೆ ಕುರ್ಚಿಯಲ್ಲಿ ಕುಸಿದರು. “ಹೇಗಿತ್ತು?” ಎಂದು ಕೇಳಿದರು. ಆಮೇಲೆ ಎರಡು ದಿನ ಹಾಸಿಗೆ ಬಿಟ್ಟು ಏಳಲಿಲ್ಲ.

ಮೂರನೆಯ ದಿನ ಫೋನಿಗೆ ಸಂದೇಶ ಬಂತು. ಆರೋಗ್ಯದಲ್ಲಿ ಆಗಿರುವ ಸುಧಾರಣೆಗೆ ಅಭಿನಂದನೆಗಳು, ಆರೈಕೆಯನ್ನು ನಿಲ್ಲಿಸಲಾಗಿದೆ. ಸೊಸೆ ಅದನ್ನು ಗಟ್ಟಿಯಾಗಿ ಓದಿದಳು. ಬಿರುಗಾಳಿ ಸೊಂಟಕ್ಕೆ ಕೈ ಕೊಟ್ಟು ನಿಂತಳು.

“ಭೇಷ್ ಟೀಚರ್! ಪಾಸಾಗ್ಬಿಟ್ರಿ. ನನ್ನ ಹೊಟ್ಟೆ ಮೇಲೆ ಹೊಡೆದ್ರಿ, ನಿಮ್ಮ ಕಾಲ ಮೇಲೂ ಕಲ್ಲು ಹಾಕ್ಕೊಂಡ್ರಿ.” ನಗುತ್ತಲೇ ಹೇಳಿದಳು. ಹೋಗುವಾಗ ಮಾತ್ರ ಬಾಗಿಲು ಸದ್ದಾಗದಂತೆ ಎಳೆದುಕೊಂಡಳು.

ಸೊಸೆ ಇದ್ದಬದ್ದ ರಜೆಯನ್ನೆಲ್ಲ ಹಾಕಿದಳು. ಅದೂ ಮುಗಿದ ಮೇಲೆ ಅತ್ತೆಯನ್ನು ಒಬ್ಬರನ್ನೇ ಬಿಟ್ಟು ಕೆಲಸಕ್ಕೆ ಹೋದಳು. ಮಧ್ಯಾಹ್ನ ಬಂದು ನೋಡಿದರೆ ಅತ್ತೆ ಬಚ್ಚಲ ನೆಲದ ಮೇಲೆ ಗೋಡೆಗೆ ಒರಗಿ ಕೂತಿದ್ದರು. ಬಟ್ಟೆಯೆಲ್ಲ ಒದ್ದೆ, ತುಟಿ ನೀಲಿ.

“ಸೆಕೆ ಅಂತ ಕೂತೆ,” ಎಂದರು.

ಸೊಸೆ ಅವರ ಬಟ್ಟೆ ಬದಲಿಸಿದಳು. ಮರುದಿನ ಇಲಾಖೆಯ ಕಚೇರಿಗೆ ಹೋದಳು. ಕೌಂಟರಿನ ಹೆಂಗಸು ಒಳ್ಳೆಯವಳೇ. “ಇದರಲ್ಲಿ ನನ್ನ ಕೈಲಿ ಏನೂ ಇಲ್ಲಮ್ಮ. ಯಂತ್ರಕ್ಕೆ ಏನು ಕಂಡಿತೋ ಅದನ್ನ ಅದು ಹೇಳಿದೆ. ಇನ್ನೊಂದು ಸಲ ನೋಡಿ ಅಂತ ಕೇಳ್ಕೋಬಹುದು. ಆಗಲೂ ಪಾಸಾದ್ರೆ ಮುಗೀತು, ಮತ್ತೆ ಅವಕಾಶ ಇಲ್ಲ.” ಆಮೇಲೆ ದನಿ ತಗ್ಗಿಸಿ, “ಇದ್ದದ್ದನ್ನ ಇದ್ದ ಹಾಗೆ ಹೇಳಿ. ಡಾಕ್ಟರಾದ್ರೆ ಮುಖ ನೋಡಿ ಅರ್ಧ ಅರ್ಥ ಮಾಡ್ಕೊತಿದ್ರು. ಈ ಯಂತ್ರಕ್ಕೆ ಬಾಯಿಬಿಟ್ಟು ಹೇಳಿದ್ದಷ್ಟೇ ಗೊತ್ತಾಗೋದು,” ಎಂದಳು.

ಊಟಕ್ಕೆ ಕೂತಾಗ ಸೊಸೆ ಮಾತು ತೆಗೆದಳು.

“ಅಂದ್ರೆ ನಾನು ಬಿದ್ದು ತೋರಿಸ್ಬೇಕಾ?” ಅತ್ತೆ ತುತ್ತನ್ನು ತಟ್ಟೆಗೇ ಹಾಕಿದರು.

“ನಟನೆ ಮಾಡಿ ಅಂತಿಲ್ಲ ಅತ್ತೆ. ಮಾಡ್ತಿರೋದನ್ನ ಬಿಡಿ ಅಂತಿದ್ದೀನಿ.”

ಅತ್ತೆ ಬಿಟ್ಟ ತುತ್ತನ್ನು ಮತ್ತೆ ಕೈಗೆತ್ತಿಕೊಂಡರು. “ಸರಿ,” ಎಂದರು ಕೊನೆಗೆ.

ಎರಡನೆಯ ಸಲ ಯಂತ್ರ ಬಂದಾಗ ಊರುಗೋಲು ಕುರ್ಚಿಯ ಪಕ್ಕದಲ್ಲೇ ಇತ್ತು. “ದಯವಿಟ್ಟು ಎದ್ದು ನಿಲ್ಲಿ,” ಎಂದ ಆ ದನಿ ಕಿವಿಗೆ ಬಿದ್ದದ್ದೇ ಅತ್ತೆಯ ಬೆನ್ನು ತಾನಾಗಿ ನೆಟ್ಟಗಾಯಿತು. ಬಲಗೈ ಕುರ್ಚಿಯ ತೋಳನ್ನು ಬಿಗಿಯಾಗಿ ಹಿಡಿಯಿತು. ಇನ್ನೇನು ಎದ್ದೇಬಿಡುತ್ತಾರೆ ಎನ್ನುವಾಗ ಸೊಸೆ ಮುಂದೆ ಬಂದಳು.

“ಅವರಿಗೆ ಏಳೋಕಾಗಲ್ಲ,” ಎಂದಳು. “ದಿನಾ ಹಿಡಿದು ಎಬ್ಬಿಸ್ಬೇಕು.”

“ಧನ್ಯವಾದ. ಇನ್ನೇನಾದರೂ ಇದೆಯೇ?”

“ಸ್ನಾನ ಮಾಡಿಸ್ಬೇಕು. ಗುಂಡಿ ಹಾಕೋಕಾಗಲ್ಲ. ಮೊನ್ನೆ ಬಚ್ಚಲಲ್ಲಿ ಬಿದ್ದು ಏಳೋಕಾಗದೆ ಅಲ್ಲೇ ಇದ್ರು.”

“ಧನ್ಯವಾದ. ಇನ್ನೇನಾದರೂ ಇದೆಯೇ?”

ಹಾಸಿಗೆ ಒದ್ದೆಯಾಗುವುದನ್ನು ಹೇಳಿದಳು. ಇಲಾಖೆಯವನು ಕಿಟಕಿಯತ್ತ ಮುಖ ತಿರುಗಿಸಿದ. ಅಷ್ಟು ಸಾಕಿತ್ತು. ಆದರೆ ಯಂತ್ರ ಮತ್ತೆ ಅದೇ ಮೃದು ದನಿಯಲ್ಲಿ ಕೇಳಿತು, ಇನ್ನೇನಾದರೂ ಇದೆಯೇ? ಗಂಡ ಹೋದಂದಿನಿಂದ ಯಾರೂ ಅವಳನ್ನು ಹಾಗೆ ಕೇಳಿರಲಿಲ್ಲ. ಬಸ್ಸಿನಲ್ಲಿ ದಿನವಿಡೀ ಬಾಯಿ ನೋಯುವಷ್ಟು ಮಾತು, ಆದರೆ ಅದೆಲ್ಲ ಎಲ್ಲಿಗೆ, ಎಷ್ಟು ಜನ, ಚಿಲ್ಲರೆ ಕೊಡಿ. ಕಟ್ಟೆ ಒಡೆದ ಮೇಲೆ ನೀರು ನಿಲ್ಲೆಂದರೆ ನಿಲ್ಲುತ್ತದೆಯೇ?

“ಬೆಳಗಿನ ಜಾವ ಮಗನ್ನ ಕರೀತಾರೆ,” ಎಂದಳು. “ಪುಟ್ಟಾ, ಎದ್ದೇಳೋ, ಹೊತ್ತಾಯ್ತು ಅಂತ. ಅವನು ಹೋಗಿ ನಾಲ್ಕು ವರ್ಷ ಆಯ್ತು. ದಿನಾ ಕರೀತಾರೆ.”

“ನಾನಾ?” ಎಂದರು ಅತ್ತೆ.

ಸೊಸೆ ಆಗ ತಿರುಗಿ ನೋಡಿದಳು. ಅತ್ತೆಯ ಮುಖದಲ್ಲಿ ಸಿಟ್ಟಿರಲಿಲ್ಲ. ಸಿಟ್ಟಿದ್ದರೆ ಎಷ್ಟೋ ವಾಸಿಯಿತ್ತು. ದಾರಿ ತಪ್ಪಿ ಬೇರೆಯವರ ಮನೆ ಹೊಕ್ಕವರಂತೆ ಅವರು ಸುತ್ತ ನೋಡುತ್ತಿದ್ದರು.

“ನಾನು ಕರೀತೀನಾ? ನೀನು ಹೇಳಲೇ ಇಲ್ವಲ್ಲ.”

“ಧನ್ಯವಾದ,” ಎಂದಿತು ಯಂತ್ರ. “ನಿಮ್ಮ ಮಾಹಿತಿ ಉಪಯುಕ್ತವಾಗಿದೆ.”

ಈ ಸಲ ಸಂದೇಶ ಅಂದೇ ಬಂತು. ಮೊದಲಿಗಿಂತ ಹೆಚ್ಚೇ ಸಿಕ್ಕಿತ್ತು, ಬೆಳಗಿನಿಂದ ಸಂಜೆಯವರೆಗೂ ಆರೈಕೆ. ಬಿರುಗಾಳಿ ಬಾಗಿಲು ಧಡಾರನೆ ತೆಗೆದು ಒಳಬಂದು, “ಫೇಲಾದ್ರಂತೆ! ಕಂಗ್ರಾಜುಲೇಷನ್ಸು ಟೀಚರ್!” ಎಂದಳು. ಅತ್ತೆ ನಗಲಿಲ್ಲ. ಮೊದಲಾಗಿದ್ದರೆ ಬಾಚಣಿಗೆಗೂ ಜಗಳ, ಚಮಚಕ್ಕೂ ಜಗಳ. ಈಗ ತಲೆ ಬಾಚಿದರೆ ಬಾಚಿಸಿಕೊಂಡರು, ತಿನ್ನಿಸಿದರೆ ಬಾಯಿ ತೆರೆದರು.

“ಏಳಿ ಟೀಚರ್, ಕಿಟಕಿವರೆಗೆ ನಾಲ್ಕು ಹೆಜ್ಜೆ.”

“ಆಗಲ್ಲ ಅಂತ ತೀರ್ಮಾನ ಆಗಿದೆಯಲ್ಲಮ್ಮ,” ಎಂದರು. ಚುಚ್ಚುಮಾತಲ್ಲ, ವರದಿ ಒಪ್ಪಿಸಿದ ಹಾಗೆ.

ಸೊಸೆ ಮೊದಲ ಪಾಳಿಗೆ ಮರಳಿದ ದಿನ. ಹೊರಗೆ ಇನ್ನೂ ಸರಿಯಾಗಿ ಬೆಳಕು ಹರಿದಿರಲಿಲ್ಲ. ಯೂನಿಫಾರ್ಮಿನ ಗುಂಡಿ ಹಾಕಿಕೊಳ್ಳುತ್ತಿದ್ದವಳಿಗೆ ಏನೋ ಕೊರತೆ ಅನ್ನಿಸಿ ಕೈ ನಿಂತಿತು. ಅತ್ತೆಯ ಕೂಗು ಕೇಳಿರಲಿಲ್ಲ. ನಿನ್ನೆಯೂ ಕೇಳಿರಲಿಲ್ಲ, ಮೊನ್ನೆಯೂ. ನಾಲ್ಕು ವರ್ಷದಿಂದ ಆ ಕೂಗಿಗೇ ಅವಳಿಗೆ ಎಚ್ಚರವಾಗುತ್ತಿತ್ತು. ಎಚ್ಚರವಾದರೂ ಏಳದೆ ಮಲಗಿರುತ್ತಿದ್ದಳು, ಅತ್ತೆ ಎರಡನೆಯ ಸಲ ಕರೆಯಲಿ ಎಂದು. ಪಕ್ಕದಲ್ಲಿ ಮಲಗಿದವನು ಇನ್ನೇನು ಆಕಳಿಸಿ ಮಗ್ಗುಲು ಬದಲಿಸುತ್ತಾನೆ ಎಂಬ ಹಾಗೆ ಕರೆಯುತ್ತಿದ್ದರು ಅವರು. ಅದನ್ನು ಯಾರಿಗೂ ಹೇಳದೆ ಇಟ್ಟುಕೊಂಡದ್ದು ಅತ್ತೆಯ ಮಾನಕ್ಕಾಗಿ ಎಂದು ಇಷ್ಟು ದಿನ ತಿಳಿದಿದ್ದಳು.

ಅತ್ತೆಯ ಕೋಣೆಯ ಬಾಗಿಲು ತಳ್ಳಿದಳು. ಅತ್ತೆ ಎಚ್ಚರವಾಗಿಯೇ ಇದ್ದರು. ಯಾವಾಗಿನಿಂದಲೋ. ಕಣ್ಣು ಸೂರಿನ ಮೇಲೆ ನೆಟ್ಟಿತ್ತು, ಸರಿಯಿದ್ದ ಬಲಗೈ ಬಾಯನ್ನು ಒತ್ತಿ ಹಿಡಿದಿತ್ತು.

ಸೊಸೆ ಮಂಚದ ಅಂಚಿನಲ್ಲಿ ಕೂತಳು. ಕರೀರಿ ಅತ್ತೆ, ಪರವಾಗಿಲ್ಲ, ಕರೀರಿ ಎನ್ನಬೇಕೆಂದುಕೊಂಡಳು. ಅದರ ಬದಲು ಆ ಕೈಯನ್ನು ಹಿಡಿದು ಮೆಲ್ಲಗೆ ಸರಿಸಲು ನೋಡಿದಳು.

ಅತ್ತೆ ಬಿಡಲಿಲ್ಲ.