ಅಪ್ಪನ ತಟ್ಟೆಯ ಊಟ

ಸೋಮವಾರ ಹತ್ತೂವರೆಗೆ ಜಯನಗರದಲ್ಲಿ ಡಾಕ್ಟರ ಭೇಟಿ. ಭಾನುವಾರ ಬೆಳಿಗ್ಗೆಯೇ ತೇಜಸ್ವಿನಿ ಹುಳಿಮಾವಿನ ತನ್ನ ಮನೆಯ ಕನ್ನಡಿ ಮುಂದೆ ನಿಂತು, ಅವರನ್ನು ಹೇಗೆ ಕೇಳಬೇಕೆಂದು ಅಭ್ಯಾಸ ಶುರುಮಾಡಿದಳು.

"ಸಾರ್, ನಂಗೆ ತೂಕ ಇಳ್ಸೋ ಆಪರೇಷನ್ ಮಾಡ್ತೀರಾ?"

ಭಿಕ್ಷೆ ಬೇಡಿದ ಹಾಗಿತ್ತು.

"ಸಾರ್, ಆಪರೇಷನ್ ಬಗ್ಗೆ ವಿಚಾರಿಸ್ಕೊಂಡು ಹೋಗೋಣ ಅಂತ ಬಂದೆ."

ಇದು ಅಂಜನಾಪುರದಲ್ಲಿ ಸೈಟು ನೋಡಲು ಬಂದವರ ಮಾತಾಯಿತು. ಮೂವತ್ತಾರು ವರ್ಷದ, ನೂರಿಪ್ಪತ್ತೆರಡು ಕೆಜಿಯ ಹೆಂಗಸು ಯಾವ ಮುಖ ಇಟ್ಟುಕೊಂಡು ಇದನ್ನು ಕೇಳಬೇಕು? ಇಷ್ಟು ವರ್ಷ ಅವಳು ನೋಡಿದ ಡಾಕ್ಟರುಗಳೆಲ್ಲ ಒಂದೇ ಮಾತು ಹೇಳಿ ಕಳಿಸಿದ್ದರು: ಕಮ್ಮಿ ತಿನ್ನಿ, ವಾಕಿಂಗ್ ಮಾಡಿ. ಇವರೂ ಹಾಗೇ ಅಂದುಬಿಟ್ಟರೆ ಎಂಬ ಭಯ ಒಂದು ವಾರದಿಂದ ಅವಳನ್ನು ತಿನ್ನುತ್ತಿತ್ತು.

ಕೇಳದೆ ವಿಧಿಯೂ ಇರಲಿಲ್ಲ. ಗೊಟ್ಟಿಗೆರೆಯ ನರ್ಸರಿ ಶಾಲೆಯಲ್ಲಿ ಅವಳು ಮಿಸ್ಸು. ಮಕ್ಕಳ ಜೊತೆ ನೆಲದ ಮೇಲೆ ಕೂತರೆ ಆಯಾ ಬಂದು ರಟ್ಟೆ ಹಿಡಿದು ಎಬ್ಬಿಸಬೇಕು. ಸಕ್ಕರೆ ಮುನ್ನೂರರ ಹತ್ತಿರ ಸುಳಿಯುತ್ತಿತ್ತು. "ಹಿಂಗೇ ಬಿಟ್ರೆ ಇನ್ನು ಹತ್ತು ವರ್ಷಕ್ಕೆ ನೀವೂ ನಿಮ್ಮಪ್ಪನ ಥರಾನೇ ಡಯಾಲಿಸಿಸ್ ಬೆಡ್ ಮೇಲಿರ್ತೀರಾ" ಎಂದು ಬಡಾವಣೆಯ ಡಾಕ್ಟರು ಮುಲಾಜಿಲ್ಲದೆ ಹೇಳಿ, ಜಯನಗರದವರ ವಿಳಾಸ ಬರೆದುಕೊಟ್ಟಿದ್ದರು.

ಅಪ್ಪ ಚಿನ್ನಪ್ಪ ಬಸ್ ಕಂಡಕ್ಟರಾಗಿದ್ದು ನಿವೃತ್ತರಾದವರು. ಅದೇ ಸಕ್ಕರೆ ಅವರ ಎರಡೂ ಕಿಡ್ನಿಗಳನ್ನು ಮುಗಿಸಿತ್ತು. ಮೂರು ವರ್ಷದಿಂದ ವಾರಕ್ಕೆ ಮೂರು ಸಲ ಡಯಾಲಿಸಿಸ್. ಈಗ ಹೃದಯವೂ ಸೋತಿತ್ತು. ಹೋದ ತಿಂಗಳು ಆಸ್ಪತ್ರೆಯ ಮೂಲೆಯಲ್ಲಿ ತೇಜಸ್ವಿನಿಯನ್ನು ನಿಲ್ಲಿಸಿಕೊಂಡು ಡಾಕ್ಟರು, "ಇರೋಷ್ಟು ದಿನ ಖುಷಿಯಾಗಿ ನೋಡ್ಕೊಳ್ಳಿ" ಅಂದಿದ್ದರು. ಅಪ್ಪನಿಗೆ ಅವಳು ಅದನ್ನು ಹೇಳಿರಲಿಲ್ಲ.

ಅವರ ಖುಷಿ ಇದ್ದದ್ದು ಊಟದ ಹೊತ್ತಿನಲ್ಲಿ. ಮನೆಯ ಯಜಮಾನನ ತಟ್ಟೆಗೆ ಮಾಡಿದ್ದನ್ನೆಲ್ಲ ಬಡಿಸಬೇಕು, ಬಡಿಸಿದ್ದನ್ನು ಪಾತ್ರೆಗೆ ಮರಳಿ ಹಾಕಬಾರದು, ಚೆಲ್ಲಲಂತೂ ಕೂಡದು. ಇದು ಅಮ್ಮ ಮುನಿಯಕ್ಕ ನಡೆಸಿಕೊಂಡು ಬಂದ ಪದ್ಧತಿ. ಅಮ್ಮ ತೀರಿಕೊಂಡ ಮೇಲೂ ಅದನ್ನು ಮುರಿಯಲು ಯಾರಿಗೂ ಮನಸ್ಸು ಬಂದಿರಲಿಲ್ಲ. ಮುದ್ದೆ, ಸೊಪ್ಪು, ಕಾಳು, ಟೊಮೇಟೊ, ಎಲ್ಲ ಕಿಡ್ನಿ ಡಾಕ್ಟರು ಬೇಡವೆಂದವೇ. ಆದರೂ ತೇಜಸ್ವಿನಿ ಆ ಅಗಲದ ಸ್ಟೀಲ್ ತಟ್ಟೆಗೆ ಎಲ್ಲವನ್ನೂ ಬಡಿಸುತ್ತಿದ್ದಳು. ಚಿನ್ನಪ್ಪ ಮುದ್ದೆಯನ್ನು ಬೆರಳಲ್ಲಿ ಒತ್ತಿ ನೋಡಿ, ಸಾರಿನ ಮೇಲೆ ಬಗ್ಗಿ ಆವಿ ಎಳೆದುಕೊಂಡು, ತಟ್ಟೆಯನ್ನು ಮಗಳ ಕಡೆ ಸರಿಸುತ್ತಿದ್ದರು.

"ತಿನ್ನು ಮಗಳೆ. ನೀನ್ ತಿಂದ್ರೆ ನಂಗೆ ರುಚಿ ಗೊತ್ತಾಗ್ತೈತೆ."

ಆಮೇಲೆ ಬೇರೆ ಬಟ್ಟಲಲ್ಲಿ, ಬೇಯಿಸಿ ನೀರು ಬಸಿದ ಸಪ್ಪೆ ತರಕಾರಿ, ಹಿಡಿ ಅನ್ನ ತಿನ್ನುತ್ತ ಅವಳ ಬಾಯನ್ನೇ ನೋಡುತ್ತಿದ್ದರು. "ಹೆಂಗೈತೆ? ಖಾರ ಹಿಡಿದೈತಾ?" ತನ್ನ ತಟ್ಟೆ ಮುಗಿಸಿ ಹೊಟ್ಟೆ ಬಿರಿಯುವಂತಾಗಿದ್ದರೂ ತೇಜಸ್ವಿನಿ ಅಪ್ಪನ ತಟ್ಟೆಯನ್ನೂ ಮುಗಿಸುತ್ತಿದ್ದಳು. ಅವಳು ಮೊದಲೂ ಸಣಕಲಿಯೇನಲ್ಲ. ಆದರೆ ಈ ಮೂರು ವರ್ಷದಲ್ಲಿ ಮೂವತ್ತು ಕೆಜಿ ಏರಿದ್ದಳು.

ಜಯನಗರದ ಕ್ಲಿನಿಕ್ಕಿನವರು ಮುಂಚೆಯೇ ಒಂದು ಫಾರಂ ಕೊಟ್ಟಿದ್ದರು. ಏಳು ದಿನ ತಿಂದದ್ದನ್ನೆಲ್ಲ ಬರೆಯಬೇಕು. ಡಾಕ್ಟರು ಮೊದಲು ನೋಡುವುದೇ ಅದನ್ನು. ತೇಜಸ್ವಿನಿ ಶಾಲೆಯ ದುಂಡಗಿನ ಅಕ್ಷರದಲ್ಲಿ ಅಚ್ಚುಕಟ್ಟಾಗಿ ಬರೆದಿದ್ದಳು. ಕದ್ದು ತಿಂದ ಬೋಂಡವನ್ನೂ ಮುಚ್ಚಿಡದೆ ಬರೆದೆನೆಂಬ ಹೆಮ್ಮೆ ಬೇರೆ. ಜೊತೆಗೊಂದು ಚೀಟಿಯಲ್ಲಿ ಕೇಳಬೇಕಾದ ಐದು ಪ್ರಶ್ನೆ ಬರೆದಿಟ್ಟುಕೊಂಡಿದ್ದಳು. ಎಷ್ಟು ದಿನ ರಜೆ ಬೇಕು, ಕೂದಲು ಉದುರುತ್ತದೆಯೇ, ಆ ದಿನಗಳಲ್ಲಿ ಅಪ್ಪನನ್ನು ಡಯಾಲಿಸಿಸ್‌ಗೆ ಕರೆದುಕೊಂಡು ಹೋಗುವಷ್ಟು ಶಕ್ತಿ ಇರುತ್ತದೆಯೇ, ಇಂಥವು.

"ಕೊಡಿಲ್ಲಿ, ನೋಡಾನ" ಎಂದು ಚಿನ್ನಪ್ಪ ಕನ್ನಡಕ ಏರಿಸಿ ಫಾರಂ ಇಸಿದುಕೊಂಡರು. ಮೊದಲ ಪುಟ ಓದಿದರು, ತಿರುಗಿಸಿದರು, ಮತ್ತೆ ಮೊದಲ ಪುಟಕ್ಕೇ ಬಂದರು.

"ಇದ್ರಾಗೆ ಟಿಕೆಟ್ ಇಲ್ದೇ ಹತ್ತಿರೋರು ಶಾನೆ ಜನ ಅವ್ರೆ" ಅಂದರು.

"ಏನಪ್ಪಾ? ಬೋಂಡಾನೂ ಬರ್ದಿದೀನಿ."

"ಬುಧವಾರ ಮಧ್ಯಾಹ್ನ ಒಂದ್ ಮುದ್ದೆ ಅಂತ ಬರ್ದಿದೀಯ. ನೀನ್ ತಿಂದಿದ್ದು ಎರಡು."

"ಇನ್ನೊಂದು ನಿನ್ ತಟ್ಟೇದಲ್ವಾ?"

ಅವಳು ಸುಳ್ಳು ಹೇಳಿರಲಿಲ್ಲ. ಅಪ್ಪನ ತಟ್ಟೆಯದು ಅಪ್ಪನ ಊಟ ಎಂದೇ ಅವಳ ಮನಸ್ಸಿನಲ್ಲಿತ್ತು.

"ತಟ್ಟೆ ನಂದು" ಅಂದರು ಚಿನ್ನಪ್ಪ. "ಹೊಟ್ಟೆ ಯಾರ್ದು?"

ಚಿನ್ನಪ್ಪ ಪೆನ್ನು ತೆಗೆದುಕೊಂಡರು. ಡಯಾಲಿಸಿಸ್ ಸೂಜಿಯಿಂದ ಗಂಟುಗಂಟಾದ ಎಡಗೈಯಲ್ಲಿ ಕಾಗದ ಒತ್ತಿ ಹಿಡಿದು, ಒಂದೊಂದೇ ದಿನದ ಕೆಳಗೆ ನಡುಗುವ ಅಕ್ಷರದಲ್ಲಿ ಬರೆಯುತ್ತ ಹೋದರು. ಮುದ್ದೆ ಒಂದು. ಹುರುಳಿ ಸಾರು. ಅನ್ನ. ಬಾಳೆಹಣ್ಣು ಎರಡು. ತಾವು ತಿನ್ನದ ಒಂದೊಂದು ಪದಾರ್ಥವೂ ಅವರಿಗೆ ನೆನಪಿತ್ತು. ಏಳನೆಯ ದಿನಕ್ಕೆ ಬರುವಷ್ಟರಲ್ಲಿ ಪೆನ್ನು ನಿಂತಿತು.

"ನಾನೇ ನಿನ್ನ ಈ ಗತಿಗೆ ತಂದ್ನಲ್ಲಮ್ಮ."

"ಹಂಗನ್ಬೇಡಪ್ಪಾ. ನಾನೇನ್ ಮಗೂನಾ? ಬೇಡ ಅಂತ ನಾನೇ ಹೇಳ್ಬೋದಿತ್ತು."

"ಹೇಳ್ತಿರ್ಲಿಲ್ಲ ಬುಡು ನೀನು."

ನಿಜ, ಅವಳು ಹೇಳುತ್ತಿರಲಿಲ್ಲ. ಈ ಫಾರಮ್ಮನ್ನು ಅಪ್ಪನ ಕೈಗೆ ಯಾಕಾದರೂ ಕೊಟ್ಟೆನೋ ಎಂದು ಅವಳಿಗೆ ತನ್ನ ಮೇಲೆಯೇ ಸಿಟ್ಟು ಬಂತು. ಅವರಿಗೆ ಉಳಿದಿದ್ದ ಒಂದೇ ಸುಖವನ್ನು ಕೈಯಾರೆ ಕಿತ್ತುಕೊಂಡ ಹಾಗಾಯಿತು.

ಮಧ್ಯಾಹ್ನಕ್ಕೆ ದಂಟಿನ ಸೊಪ್ಪಿನ ಬಸ್ಸಾರು ಮಾಡಿದ್ದಳು. ಎಂದಿನಂತೆ ಅಗಲದ ತಟ್ಟೆ ತಂದಿಟ್ಟು ಸೌಟು ಎತ್ತಿದಾಗ ಚಿನ್ನಪ್ಪ ಕೈ ಅಡ್ಡ ಹಿಡಿದರು.

"ಇವತ್ತಿಂದ ನಂದೇನೈತೋ ಅಷ್ಟೇ ಬಡ್ಸು."

"ಅಮ್ಮ ಇದ್ದಿದ್ರೆ ಬೈಯೋಳು."

"ಅವಳಿದ್ದಿದ್ರೆ ನಿನ್ನ ಈ ಸ್ಥಿತಿಗೆ ಬರೋಕ್ ಬುಡ್ತಿರ್ಲಿಲ್ಲ. ಬಡ್ಸು."

ಅವಳು ಹಿಡಿ ಅನ್ನ, ಎರಡು ಚಮಚ ಸಪ್ಪೆ ಸೋರೆಕಾಯಿ ಹಾಕಿದಳು. ಅಷ್ಟು ದೊಡ್ಡ ತಟ್ಟೆಯಲ್ಲಿ ಅದು ಒಂದು ಮೂಲೆಗೂ ಸಾಲಲಿಲ್ಲ. ನಾಲ್ಕು ತುತ್ತಿಗೆ ಅಪ್ಪನ ಊಟ ಮುಗಿಯಿತು. ತೇಜಸ್ವಿನಿಯ ಮುಂದಿದ್ದ ಮುದ್ದೆ ಹಾಗೇ ಆರುತ್ತಿತ್ತು.

ಅಷ್ಟರಲ್ಲಿ ಚಿನ್ನಪ್ಪ ಏನೋ ಯೋಚಿಸುತ್ತ, ಅಭ್ಯಾಸಬಲದಿಂದ, ತಟ್ಟೆಯನ್ನು ಅವಳ ಕಡೆ ಸರಿಸಿಬಿಟ್ಟರು. ಬರಿದಾದ ತಟ್ಟೆ ಬಂದು ಅವಳ ಮೊಣಕೈಗೆ ತಾಗಿತು. ಇಬ್ಬರೂ ಅದನ್ನು ನೋಡಿದರು. ಚಿನ್ನಪ್ಪ ನಗಲು ಹೋದರು, ಆಗಲಿಲ್ಲ.

"ತೇಜು, ಆಪ್ರೇಸನ್ ಆದ್ಮೇಲೆ ಮುದ್ದೆ ತಿನ್ಬೋದಾ?"

"ಗೊತ್ತಿಲ್ಲಪ್ಪ. ಮೊದ್ಲು ಬರೀ ನೀರು, ಗಂಜಿ ಅಂತೆ. ಆಮೇಲೆ ನಿಧಾನಕ್ಕೆ ಒಂದೊಂದೇ ತುತ್ತು ಇರ್ಬೋದು."

"ಎಷ್ಟ್ ದಿನ ಆಯ್ತದೆ, ಕೇಳ್ಕಂಡ್ ಬಾ."

"ಯಾಕಪ್ಪಾ?"

"ಸುಮ್ಕೆ. ಹೆಂಗೈತೆ ಅಂತ ಒಂದ್ಸಲ ಕೇಳ್ಬೇಕಲ್ಲ. ಅಲ್ಲೀಗಂಟ ಕಾಯೋಕಾಯ್ತದಾ ನೋಡಾನ ಅಂತ."

ಆಸ್ಪತ್ರೆಯ ಡಾಕ್ಟರು ಹೇಳಿದ್ದು ಅಪ್ಪನಿಗೂ ಗೊತ್ತಿದೆ ಎಂದು ಅವಳಿಗೆ ಆಗ ತಿಳಿಯಿತು. ಎದ್ದು ಕೈ ತೊಳೆದುಕೊಂಡು, ಚೀಟಿ ತೆಗೆದು, ಐದು ಪ್ರಶ್ನೆಗಳ ಮೇಲೆ ಉಳಿದಿದ್ದ ಜಾಗದಲ್ಲಿ ಅಪ್ಪನ ಮುದ್ದೆಯ ಪ್ರಶ್ನೆಯನ್ನೇ ಮೊದಲನೆಯದಾಗಿ ಬರೆದಳು. ಆಮೇಲೆ ಕೋಣೆಗೆ ಹೋಗಿ ಕನ್ನಡಿಯ ಮುಂದೆ ನಿಂತಳು.

"ಸಾರ್, ಆಪರೇಷನ್ ಆದ್ಮೇಲೆ ಎಷ್ಟು ದಿನಕ್ಕೆ..."

ಅಷ್ಟಕ್ಕೇ ನಿಲ್ಲಿಸಿ, ಮತ್ತೆ ಮೊದಲಿಂದ ಶುರುಮಾಡಿದಳು. ಹಜಾರದಲ್ಲಿ ಅಪ್ಪ ತಟ್ಟೆ ತೊಳೆಯಲು ಎತ್ತಿಕೊಂಡ ಸದ್ದು ಕೇಳಿಸಿತು.