ಒಂದೊಂದು ಚಮಚ ಸಕ್ಕರೆ

ಶೀಲಾ ಬಳ್ಳಾರಿಯ ಒಂದು ರಕ್ತಪರೀಕ್ಷೆಯ ಲ್ಯಾಬಿನಲ್ಲಿ ಹನ್ನೊಂದು ವರ್ಷ ಕೆಲಸ ಮಾಡಿದವಳು. ಮೈಕ್ರೋಸ್ಕೋಪಿನ ಮುಂದೆ ಕೂತರೆ ಊಟದ ಹೊತ್ತು ಮರೆಯುತ್ತಿದ್ದಳು. ಮನೆಯಲ್ಲಿ ಬಿಯರ್ ಮಾಡುವ ಹುಚ್ಚು ಮೊದಲು ಹತ್ತಿದ್ದು ಗಂಡ ಗವಿಸಿದ್ದೇಶನಿಗೆ. ಅವನು ಜೀನ್ಸ್ ಹೊಲಿಯುವ ಘಟಕವೊಂದರಲ್ಲಿ ಸೂಪರ್‌ವೈಸರ್. ಆದರೆ ಯೀಸ್ಟ್ ಅಂದರೆ ಜೀವ ಇರುವ ವಸ್ತು, ಅದನ್ನು ಅಂದಾಜಿಗೆ ಬಿಡಬಾರದು ಎಂದು ಕೆಲಸವನ್ನು ಕೈಗೆತ್ತಿಕೊಂಡದ್ದು ಅವಳು. ಮಕ್ಕಳಿರಲಿಲ್ಲ. ಇಬ್ಬರ ಭಾನುವಾರಗಳು ಈ ಆಟದಲ್ಲಿ ಸುಖವಾಗಿ ಕಳೆಯುತ್ತಿದ್ದವು.

ಮೊದಲ ಸಲದ ಬಿಯರ್ ರುಚಿಯೇನೋ ಚೆನ್ನಾಗಿತ್ತು, ಗ್ಯಾಸ್ ಮಾತ್ರ ಹಿಡಿದಿರಲಿಲ್ಲ. ಗವಿಸಿದ್ದೇಶನ ಗೆಳೆಯ ಎರ್ರಣ್ಣ ಗ್ಲಾಸು ಎತ್ತಿ ನೋಡಿ, "ನೊರೀನ ಇಲ್ಲಲ್ಲಲೇ! ಜ್ವರ ಬಂದೋರಿಗೆ ಕುಡಿಸೋ ಗಂಜಿ ಇದ್ದಂಗೈತಿ" ಎಂದು ನಕ್ಕ. ಶೀಲಾಳೂ ನಕ್ಕಳು. ಗವಿಸಿದ್ದೇಶನಿಗೆ ಅದು ಚುಚ್ಚಿತು.

"ತಪ್ಪು ನಮ್ದ ಐತ್ರಿ," ಎಂದಳು ಶೀಲಾ ಆಮೇಲೆ. "ಸಕ್ಕರಿ ತಿಂದು ಗ್ಯಾಸ್ ಬಿಡಾಕ ಯೀಸ್ಟ್ ಬೆಚ್ಚಗಿರಬೇಕು. ನಾವು ಮೂರನೇ ದಿನಕ್ಕ ಫ್ರಿಜ್ಜಿನಾಗ ಇಟ್ವಿ. ಈ ಸಲ ಎರಡು ವಾರ ಹೊರಗ ಬಿಡೂಣು."

ಏಪ್ರಿಲ್‌ನಲ್ಲಿ ಎರಡನೇ ಸಲ ಮಾಡಿದರು. ಇಪ್ಪತ್ತು ಲೀಟರಿಗೆ ನೂರಿಪ್ಪತ್ತು ಗ್ರಾಂ ಸಕ್ಕರೆಯನ್ನು ಶೀಲಾ ತೂಗಿ, ನೀರಲ್ಲಿ ಕುದಿಸಿ, ಆರಿಸಿ ಬಿಯರಿಗೆ ಬೆರೆಸಿದಳು. ಮುಚ್ಚಳಗಳನ್ನು ಕುದಿಸಲು ಅವಳು ಅಡುಗೆಮನೆಗೆ ಹೋದಾಗ ಗವಿಸಿದ್ದೇಶ ತೊಳೆದಿಟ್ಟ ಬಾಟಲಿಗಳ ಮುಂದೆ ಒಬ್ಬನೇ ಇದ್ದ. ನೂರಿಪ್ಪತ್ತು ಗ್ರಾಂ ಅವನ ಕಣ್ಣಿಗೆ ತೀರ ಕಡಿಮೆ ಅನ್ನಿಸಿತ್ತು. ಒಂದೊಂದು ಬಾಟಲಿಗೂ ಒಂದೊಂದು ಚಮಚ ಸಕ್ಕರೆ ಸುರಿದ. ಮೇಲೆ ಬಿಯರ್ ತುಂಬಿದ. ಕಂದು ಗಾಜಿನೊಳಗೆ ಏನೂ ಕಾಣಲಿಲ್ಲ. ಎರ್ರಣ್ಣನಿಗೆ ನೊರೆ ತೋರಿಸಬೇಕು ಎಂಬುದೊಂದೇ ಅವನ ತಲೆಯಲ್ಲಿತ್ತು.

ಒಂಬತ್ತನೇ ದಿನ ಮಧ್ಯಾಹ್ನ, ಗ್ಯಾಸ್ ಎಷ್ಟು ಹಿಡಿದಿದೆ ನೋಡೋಣವೆಂದು ಶೀಲಾ ಒಂದು ಬಾಟಲಿ ಎತ್ತಿದಳು. ಅದು ಅವಳ ಕೈಯಲ್ಲೇ ಸಿಡಿಯಿತು.

ಎಡಗಣ್ಣು ಉಳಿಯಲಿಲ್ಲ. ಆಸ್ಪತ್ರೆಯಲ್ಲಿ ಎಚ್ಚರವಾದ ಮೇಲೆ ಅವಳು ಆಡಿದ ಮೊದಲ ಮಾತು, "ನಾ ತೂಕ ತಪ್ಪಿದ್ನೇನ್ರಿ?"

ಆ ಗಳಿಗೆಯಲ್ಲಿ ಹೇಳಬೇಕಿತ್ತು. ಗವಿಸಿದ್ದೇಶ ಅವಳ ಕೈ ಹಿಡಿದುಕೊಂಡು, "ಈಗ ಅದೆಲ್ಲಾ ಯಾಕ, ಮಲಗು" ಎಂದ. ಮರುದಿನ ಹೇಳಿದರಾಯಿತು ಅಂದುಕೊಂಡ. ಮರುದಿನ ಹೇಳುವುದು ಇನ್ನೂ ಕಷ್ಟವಾಯಿತು.

ಎರಡು ತಿಂಗಳಿಗೆ ಶೀಲಾ ಲ್ಯಾಬಿಗೆ ಮರಳಿದಳು. ಒಂದು ಕಣ್ಣಲ್ಲಿ ಕೆಲಸ ನಡೆಯುತ್ತಿತ್ತು, ಆದರೆ ಪ್ರತಿ ಪರೀಕ್ಷೆಯನ್ನೂ ಮೂರು ಮೂರು ಸಲ ಮಾಡತೊಡಗಿದಳು. "ನಿಮ್ಮ ರಿಪೋರ್ಟ್ ಒಂದೂ ತಪ್ಪಿಲ್ಲಮ್ಮ" ಎಂದು ಡಾಕ್ಟರು ಹೇಳಿದರೂ ಕೇಳಲಿಲ್ಲ. ಒಂದು ಸಂಜೆ ಮನೆಗೆ ಬಂದು, "ರಾಜೀನಾಮೆ ಕೊಟ್ಟೆ. ಮಂದಿ ಜೀವದ ವಿಷಯ ಅದು. ನನ್ನ ಕೈ ಮ್ಯಾಲ ನನಗ ನಂಬಿಕಿ ಇಲ್ಲ" ಎಂದಳು. ಗವಿಸಿದ್ದೇಶ ಆಗಲೂ ನಿಜ ಹೇಳದೆ ಚಾದ ಲೋಟ ಎತ್ತಿಕೊಂಡ.

ಡಿಸೆಂಬರಿನಲ್ಲಿ ಇಬ್ಬರೂ ಕುರುಗೋಡಿಗೆ, ಅವಳ ತವರಿಗೆ ಹೋದರು. ತಾಯಿ ಜಂಬಮ್ಮನಿಗೆ ಸೋಡಾ ಬಾಟಲಿ ಒಡೆಯಿತೆಂದಷ್ಟೇ ಗೊತ್ತಿತ್ತು. ಆಕೆ ಒಲೆಯ ಮೇಲಿನ ಸಾರಿಗೆ ಉಪ್ಪು ಹಾಕಲು ಮಗಳಿಗೆ ಹೇಳಿದಳು. ಶೀಲಾ ಉಪ್ಪಿನ ಡಬ್ಬಿ ಹಿಡಿದು ಸ್ವಲ್ಪ ಹೊತ್ತು ನಿಂತು, ವಾಪಸು ಚಾಚಿದಳು.

"ನೀನ ಹಾಕವ್ವ. ನನ್ನ ಅಳತಿ ಸರಿ ಇರಂಗಿಲ್ಲ."

ಬಾಗಿಲಲ್ಲಿ ನಿಂತಿದ್ದ ಗವಿಸಿದ್ದೇಶನಿಗೆ ಇನ್ನು ತಡೆಯಲಾಗಲಿಲ್ಲ. ಅವಳನ್ನು ಹಿತ್ತಲಿಗೆ ಕರೆದು ಎಲ್ಲವನ್ನೂ ಹೇಳಿದ. ಚಮಚ, ಸಕ್ಕರೆ, ಎರ್ರಣ್ಣನ ನಗು, ಒಂದೂ ಬಿಡದೆ. ಹೇಳುತ್ತಾ ಅತ್ತ. ಶೀಲಾ ಅಳಲಿಲ್ಲ.

"ನಾ ತೂಗಿದ್ದು ಸರಿ ಇತ್ತು?"

"ಸರಿ ಇತ್ತು."

"ಎಂಟು ತಿಂಗಳು," ಎಂದಳು. "ಕಣ್ಣು ಹೋದದ್ದು ಇರ್ಲಿ ಬಿಡ್ರಿ. ನೀವೇನು ಬೇಕಂತ ಮಾಡಿಲ್ಲ. ಆದ್ರ ನಾ ಆ ಲೆಕ್ಕ ದಿನಾ ಕುಂತು ಮತ್ತ ಮತ್ತ ಹಾಕ್ತಿದ್ದೆ. ನೀವು ಮಗ್ಗಲದಾಗ ಕುಂತು ಚಾ ಕುಡೀತಿದ್ರಿ."

ಅವನು ಒಬ್ಬನೇ ಬಳ್ಳಾರಿಗೆ ಬಂದ.

ಹೊಸ ವರ್ಷದಲ್ಲಿ ಶೀಲಾ ಸಿರುಗುಪ್ಪದ ಒಂದು ಸಣ್ಣ ಲ್ಯಾಬಿಗೆ ಸೇರಿದಳು, ಅಲ್ಲೇ ಕೋಣೆ ಹಿಡಿದಳು. ಫೆಬ್ರವರಿಯಲ್ಲಿ ಗವಿಸಿದ್ದೇಶ ನೋಡಲು ಹೋದ. ಅವಳು ಬಲಗಣ್ಣನ್ನು ಮೈಕ್ರೋಸ್ಕೋಪಿಗೆ ಹಚ್ಚಿ ಏನನ್ನೋ ಎಣಿಸುತ್ತಿದ್ದಳು. ಒಮ್ಮೆ ತಲೆಯೆತ್ತಿ ಅವನನ್ನು ಕಂಡು ಕೈ ಸನ್ನೆಯಲ್ಲೇ ಕೂರಲು ಹೇಳಿ, ಎಣಿಕೆ ಮುಗಿಸಿ, ಒಂದೇ ಸಲಕ್ಕೆ ಬರೆದಳು. ಬರೆದದ್ದನ್ನು ಮತ್ತೆ ಪರೀಕ್ಷಿಸಲಿಲ್ಲ.

"ಊಟ ಆತೇನ್ರಿ?" ಎಂದು ಕೇಳಿದಳು. ಹತ್ತಿರದ ಖಾನಾವಳಿಗೆ ಕರೆದೊಯ್ದು ತಾನೇ ಬಡಿಸಿದಳು.

"ಮನಿಗೆ ಬಾ ಶೀಲಾ."

ಅವಳು ಅವನ ತಟ್ಟೆಗೆ ಇನ್ನಷ್ಟು ಅನ್ನ ಬಡಿಸಿದಳು. "ಸಿಟ್ಟಿಲ್ರಿ ನನಗ. ಇದ್ದಿದ್ರ ಇಷ್ಟೊತ್ತಿಗೆ ಇಳೀತಿತ್ತು. ನೀವು ಏನರ ಹೇಳಿದ್ರ, ಇದು ಖರೇ ಐತೋ ಇಲ್ಲೋ ಅಂತ ಮನಸ್ಸು ತೂಗಾಕ ಹತ್ತತೈತಿ. ಹಂಗ ಸಂಸಾರ ಮಾಡಾಕ ನನಗ ಬರಂಗಿಲ್ಲ."

ಬಸ್‌ ಸ್ಟ್ಯಾಂಡಿನವರೆಗೂ ಅವಳೇ ಬಂದು ಬಿಟ್ಟಳು. ಬಸ್ಸು ತೆಕ್ಕಲಕೋಟೆ ದಾಟುವಾಗ ಕಂಡಕ್ಟರ್ ಹತ್ತಿರ ಬಂದು, "ಎಲ್ಲಿಗ್ರಿ?" ಎಂದ. ಗವಿಸಿದ್ದೇಶ ನೋಟನ್ನಷ್ಟೇ ಚಾಚಿದ. ಪಕ್ಕದಲ್ಲಿ ಕೂತಿದ್ದ ಮುದುಕಿ ಅವನ ಮುಖ ನೋಡಿ, "ಬಳ್ಳಾರಿಗೆ ಇರಬೇಕಪ್ಪ" ಎಂದಳು.