ಮೊದಲ ಗೆರೆ

ಕೋಲಿನ ಬಣ್ಣ ಅಂಗೈಗೆ ಅಂಟುತ್ತಿದೆ, ಒಂದು ಗೇಣು ಕೆಂಪು, ಒಂದು ಗೇಣು ಬಿಳಿ, ಮತ್ತೆ ಕೆಂಪು, ಬಿಳಿಯ ಮೇಲೊಂದು ಇರುವೆ ಹತ್ತುತ್ತಿದೆ, ಹತ್ತಲಿ, ಅದಕ್ಕೇನು ಮನೆಯೇ ಮಠವೇ — ನೇರ ಹಿಡಿಯಬೇಕು, ಅಲುಗಾಡಬಾರದು, ಬೀದಿಯ ಆ ತುದಿಯಲ್ಲಿ ನೀರಿನ ಟ್ಯಾಂಕಿನ ಬುಡದಲ್ಲಿ ಮೂರು ಕಾಲಿನ ಮೇಲೆ ಅಳತೆಯ ದುರ್ಬೀನು ನಿಂತಿದೆ, ಅದರ ಹಿಂದೆ ಬಗ್ಗಿ ಒಂದು ಕಣ್ಣು ಮುಚ್ಚಿ ನನ್ನನ್ನು ನೋಡುತ್ತಿರುವವಳು ನನ್ನ ತಂಗಿ, ಸಿವಿಲ್ ಇಂಜಿನಿಯರಿಂಗ್ ವಿಶ್ವವಿದ್ಯಾಲಯದ ಕೊನೆಯ ವರ್ಷದವಳು, ನಾನು ಎಂಟನೇ ಕ್ಲಾಸಿಗೆ ಶಾಲೆ ಬಿಟ್ಟವನು, ಕೋಲು ಹಿಡಿಯುವವನು. ಬೀದಿ ನೆಟ್ಟಗೆ ಬಂದು ಎರಡು ಮನೆಗಳಿಗೆ ಹಣೆ ಚಚ್ಚಿಕೊಂಡು ತಿರುಗುತ್ತದೆ, ಒಂದು ದರ್ಜಿಯದು, ಒಂದು ನಮ್ಮದು, ನಾನು ನಿಂತಿರುವುದು ಎರಡರ ನಡುವಿನ ಗೋಡೆಯ ಮುಂದೆ, ದರ್ಜಿ ಬಾಗಿಲಲ್ಲಿ ಮಿಷನ್ ತುಳಿಯುತ್ತಲೇ ಬಾಯಿ ಬಿಟ್ಟಿದ್ದಾನೆ, ಏನಪ್ಪಾ ಇಂಜಿನಿಯರ್ ಅಣ್ಣ, ಈ ಸಲ ನನ್ನ ಗೋಡೆ ಮೇಲೆ ಏನು ಬರೀತೀರಿ, ಹೋದ ವರ್ಷ ನೀವು ಎಳೆದ ಗೆರೆ ಮೇಲೆ ನನ್ನ ಮಗಳು ಕುಂಟಾಬಿಲ್ಲೆ ಆಡಿದ್ಲು. ಹೌದು, ಪ್ರತಿ ವರ್ಷ ಬರುತ್ತಾರೆ, ವಿದ್ಯಾರ್ಥಿಗಳಿಗೆ ಅಭ್ಯಾಸವಾಗಲೆಂದು ನಮ್ಮ ಬೀದಿಯನ್ನು ಅಳೆಯುತ್ತಾರೆ, ಸೀಮೆಸುಣ್ಣದಲ್ಲಿ ಗೀಚುತ್ತಾರೆ, ಅಮ್ಮ ಅವರಿಗೆ ಕುಡಿಯಲು ನೀರು ಕೊಡುತ್ತಾಳೆ, ಮೊದಲ ಮಳೆಗೆ ಎಲ್ಲ ಗೆರೆಯೂ ಚರಂಡಿಗೆ ಹೋಗುತ್ತದೆ, ಊರಿಗೆ ಬರುವ ಆಳೆತ್ತರದ ನೀರಿನ ಕೊಳವೆ ಯಾವ ಬೀದಿ ಹಾದು ಹೋಗುತ್ತದೋ ಏನೋ ಎಂದು ಪೇಪರಿನಲ್ಲಿ ಬಂದಾಗಲೂ ಯಾರೂ ಬೆದರಲಿಲ್ಲ, ಈ ಹುಡುಗ ಹುಡುಗಿಯರನ್ನು ನೋಡಿ ಬೆದರುವುದೆಂದರೆ ಗುಬ್ಬಿಯನ್ನು ನೋಡಿ ಬಾಗಿಲು ಹಾಕಿದ ಹಾಗೆ. ಈ ಸಲ ಯಾರ ಕೈಯಲ್ಲೂ ಸೀಮೆಸುಣ್ಣವಿಲ್ಲ. ಒಬ್ಬ ಹುಡುಗ ಕೆಂಪು ಬಣ್ಣದ ಡಬ್ಬ ಹಿಡಿದು ನನ್ನ ಪಕ್ಕದಲ್ಲೇ ನಿಂತಿದ್ದಾನೆ, ಬ್ರಶ್ಶಿನಿಂದ ಅವನ ಬೂಟಿನ ಮೇಲೆ ತೊಟ್ಟಿಕ್ಕುತ್ತಿದೆ, ಮಳೆಗೆ ಹೋಗುವ ಬಣ್ಣವಲ್ಲ ಅದು. ಪ್ರಾಕ್ಟೀಸ್ ಕಣೋ ಅಣ್ಣ, ಪ್ರತಿ ವರ್ಷದ್ದೇ, ಅಂದಿದ್ದಳು ತಂಗಿ ನಿನ್ನೆ, ಊಟದ ತಟ್ಟೆಯಿಂದ ತಲೆ ಎತ್ತದೆ ಅಂದಿದ್ದಳು, ನಾನು ಅವಳ ಬೈತಲೆಯನ್ನಷ್ಟೇ ನೋಡಿದ್ದೆ, ಅದೂ ಗೆರೆ ಎಳೆದ ಹಾಗೆ ನೆಟ್ಟಗಿತ್ತು.

ಅಪ್ಪನಿಗೆ ಬೆಳಗ್ಗೆಯೇ ತಿಳಿಯಿತು. ನಮ್ಮ ಬಾಗಿಲ ಮುಂದೆ ದುರ್ಬೀನಿನ ಪೆಟ್ಟಿಗೆ ಹೊತ್ತುಕೊಂಡು ಹೋದರು, ಕೊಂಡಿ ಕಿರ್ ಅಂದಿತು, ಮಂಚದ ಮೇಲೆ ಮಲಗಿದ್ದ ಅಪ್ಪ ಕಣ್ಣು ತೆರೆದ — ಹಿತ್ತಾಳೇದು ಬಂತಾ, ನೋಡೋ, ಹಿತ್ತಾಳೇದಾ? ಹಿತ್ತಾಳೆಯದೇ, ಈಗಲೂ ಬಿಸಿಲಿಗೆ ಟ್ಯಾಂಕಿನ ಬುಡದಲ್ಲಿ ಹಳದಿಯಾಗಿ ಉರಿಯುತ್ತಿದೆ, ಅಭ್ಯಾಸಕ್ಕೆ ತರುವ ಬೂದು ಬಣ್ಣದ ಹೊಸ ಡಬ್ಬಿಗಳಲ್ಲ, ಇದು ವಿಶ್ವವಿದ್ಯಾಲಯದ ಸಂಸ್ಥಾಪಕರ ದುರ್ಬೀನು, ಗಾಜಿನ ಬೀರುವಿನಿಂದ ಇದು ಹೊರಗೆ ಬಂತೆಂದರೆ ಆಟ ಮುಗಿಯಿತು, ನಿಜವಾದ ಕೆಲಸದ ಮೊದಲ ಗೆರೆಯನ್ನು ಇದರಲ್ಲೇ ನೋಡಬೇಕು, ಅದು ಅವರ ಪದ್ಧತಿ, ಕಾಲುವೆಗೆ ಇದು, ಸೇತುವೆಗೆ ಇದು, ಹಳೇ ಸಂತೆಯನ್ನು ಕೆಡವಿದ ರಸ್ತೆಗೆ ಇದು. ಪ್ರೊಫೆಸರ್ ಹೊಸಬರಿಗೆ ಪ್ರತಿ ವರ್ಷ ಭಾಷಣ ಮಾಡುತ್ತಾರೆ, ನಮ್ಮ ಬೀದಿ ಅವರಿಗಿಟ್ಟ ಹೆಸರು ಗೆರೆ ಮೇಷ್ಟ್ರು, ಈ ಮಹಾ ಸಂಸ್ಥೆ ಶುರುವಾದದ್ದು ಒಂದು ಕುದುರೆ ಲಾಯದಲ್ಲಿ, ಮೊದಲು ಅಳತೆ ಶಾಲೆ, ಆಮೇಲೆ ಕಾಲೇಜು, ಆಮೇಲೆ ವಿಶ್ವವಿದ್ಯಾಲಯ, ಈ ಪಟ್ಟಣ ಕುಡಿಯುವ ನೀರು ನಮ್ಮ ಗೆರೆ, ನಡೆಯುವ ದಾರಿ ನಮ್ಮ ಗೆರೆ. ಚಪ್ಪಾಳೆ. ಲಾಯ ಕೆಡವಿ ಕಲ್ಲಿನ ಕಟ್ಟಡ ಎಬ್ಬಿಸಿದಾಗ ಆ ಕಲ್ಲು ಹೊತ್ತವರು ಯಾರು, ನನ್ನ ಮುತ್ತಜ್ಜಿ ಗಾರೆಯ ಬಾಂಡ್ಲಿ ಹೊತ್ತಳು, ಕೆಲಸ ಮುಗಿದ ಮೇಲೆ ಎಲ್ಲಿಗೆ ಹೋಗುವುದೆಂದು ಇಲ್ಲೇ ಗುಡಿಸಲು ಹಾಕಿದಳು, ಈ ಬೀದಿ ಹುಟ್ಟಿದ್ದು ಹಾಗೆ, ಅವರ ದೊಡ್ಡ ಹಾಲಿನ ಗೋಡೆಯಲ್ಲಿ ಮೊದಲ ನಕ್ಷೆ ತೂಗುಹಾಕಿದ್ದಾರೆ, ಅಪ್ಪ ಒಮ್ಮೆ ನನ್ನನ್ನು ಹೆಗಲ ಮೇಲೆ ಕೂರಿಸಿಕೊಂಡು ತೋರಿಸಿದ್ದ, ನಮ್ಮ ಬೀದಿ ಇರುವ ಕಡೆ ಹುಲ್ಲು ಬರೆದಿದ್ದಾರೆ. ಹುಲ್ಲು. ಅಪ್ಪ ನಕ್ಕಿದ್ದ, ಆಗಿನ್ನೂ ನಾವು ಬಂದಿರ್ಲಿಲ್ಲ ಮಗಾ ಅಂದಿದ್ದ, ಬಂದಿದ್ದೆವು ಅಪ್ಪ, ಆ ನಕ್ಷೆ ತೂಗುಹಾಕಿದ ಗೋಡೆ ಕಟ್ಟಿದ್ದೇ ನಾವು. ಜನ್ಮಪೂರ್ತಿ ಅಪ್ಪ ಅಲ್ಲಿ ಆಳಾಗಿ ಆ ಹಿತ್ತಾಳೆಯನ್ನು ಉಜ್ಜಿದ, ಪೆಟ್ಟಿಗೆ ಹೊತ್ತ, ಅವರ ಗೋಪುರದ ಮೆಟ್ಟಿಲಿಂದ ಉರುಳಿದಾಗ ಪೆಟ್ಟಿಗೆಯನ್ನು ಎದೆಗವಚಿಕೊಂಡೇ ಉರುಳಿದ, ಸೊಂಟ ಮುರಿಯಿತು, ಪೆಟ್ಟಿಗೆಗೆ ಒಂದು ಗೀರು ಬೀಳಲಿಲ್ಲ, ಸಭೆಯಲ್ಲಿ ಹೇಳಿದರಂತೆ, ಒಂದು ಗೀರೂ ಬೀಳಲಿಲ್ಲ. ಗೆರೆ ಮೇಷ್ಟ್ರು ಮನೆಗೆ ಬಂದು ಮಂಚದ ಪಕ್ಕ ಕೂತು, ನಿನ್ನ ಮಕ್ಕಳಲ್ಲಿ ಒಬ್ಬರನ್ನ ಓದಿಸೋ ಜವಾಬ್ದಾರಿ ನಮ್ಮದಪ್ಪಾ, ಯಾರು ಹೇಳು, ಅಂದರು. ಅಪ್ಪ ನಮ್ಮಿಬ್ಬರನ್ನೂ ನೋಡಿದ. ನಾನು ದೊಡ್ಡವನು. ಅವನು ಅವಳನ್ನು ತೋರಿಸಿದ.

ಯಾಕೆಂದು ನನಗೆ ಗೊತ್ತು, ಆ ಹಿತ್ತಾಳೆಯೊಳಗೆ ಲೋಕವೇ ತಲೆಕೆಳಗು, ಎಡ ಬಲ ಅದಲುಬದಲು, ಒಮ್ಮೆ ಅಪ್ಪ ಇಬ್ಬರಿಗೂ ತೋರಿಸಿದ್ದ, ನಮ್ಮ ಮನೆ ಆಕಾಶಕ್ಕೆ ಬಾವಲಿಯಂತೆ ಜೋತುಬಿದ್ದಿತ್ತು, ನಾನು ಬಿದ್ದು ಬಿದ್ದು ನಕ್ಕೆ, ಅವಳು ನಗಲಿಲ್ಲ. ಹೊಸ ವಿದ್ಯಾರ್ಥಿಗಳು ಒಳಗೆ ಕಂಡದ್ದನ್ನೇ ನಂಬಿ ಕೈ ಬೀಸುತ್ತಾರೆ, ಕೋಲಿನವನು ಅತ್ತ ಹೋಗಬೇಕಾದಲ್ಲಿ ಇತ್ತ ಹೋಗಿ ಕುಣಿಯುತ್ತಾನೆ, ಆದರೆ ಅವಳು, ಮೂಗು ಸುರಿಯುವ ವಯಸ್ಸಿನಲ್ಲೇ, ಒಂದು ಸಲವೂ ತಪ್ಪು ಕೈ ಬೀಸಲಿಲ್ಲ, ಅಪ್ಪ ಇಡೀ ಬೀದಿಗೆ ಹೇಳಿಕೊಂಡು ತಿರುಗಿದ. ಈ ಬೀದಿಯೇ ನಮ್ಮ ಆಟದ ಬಯಲಾಯಿತು, ಅವಳು ಆ ತುದಿ, ನಾನು ಈ ತುದಿ ಪೊರಕೆ ಹಿಡಿದು, ಬಲಗೈ ಚಾಚಿದರೆ ಅತ್ತ, ಎಡಗೈ ಚಾಚಿದರೆ ಇತ್ತ, ಎರಡೂ ಕೈ ತಲೆಯ ಮೇಲೆತ್ತಿ ಕೆಳಗಿಳಿಸಿದರೆ ಸರಿ, ಅಲ್ಲೇ ನೆಡು. ಅದಕ್ಕೂ ಮೊದಲು, ಅವಳಿನ್ನೂ ಪುಟ್ಟವಳಿದ್ದಾಗ, ಆ ಎರಡು ಕೈಗಳು ಮೇಲೆದ್ದರೆ ಅರ್ಥ ಬೇರೆಯಿತ್ತು, ಎತ್ಕೋ ಅಣ್ಣ, ನಾನು ಎತ್ತಿಕೊಳ್ಳುತ್ತಿದ್ದೆ, ಶಾಲೆ ಬಿಟ್ಟ ಮೇಲೆ ಸಿಮೆಂಟ್ ಚೀಲ ಹೊತ್ತು ಬಂದ ಹೆಗಲಿನ ಮೇಲೂ ಎತ್ತಿಕೊಂಡಿದ್ದೇನೆ — ಈಗ ಅವಳು ಕೈ ಚಾಚುತ್ತಿದ್ದಾಳೆ. ನಮ್ಮ ಮನೆಯ ಕಡೆ. ಸ್ವಲ್ಪ ಅತ್ತ. ಇಲ್ಲ, ತಪ್ಪಿರಬೇಕು, ಹಿತ್ತಾಳೆಯದನ್ನು ಹಿಡಿದು ಎಷ್ಟು ಕಾಲವಾಯಿತೋ, ಗೆರೆ ಮೇಷ್ಟ್ರು ಪಕ್ಕದಲ್ಲಿದ್ದಾರೆ, ಗಾಬರಿ, ಅದಲುಬದಲಾಗಿದೆ, ನಾನು ಕೋಲು ಎತ್ತಿಕೊಂಡು ದರ್ಜಿಯ ಬಾಗಿಲ ಕಡೆಗೆ ಸರಿದೆ, ಕೊಳವೆಗೆ ಬೇಕಾದದ್ದು ಒಂದು ಮನೆಯಗಲ, ಕೆಡವುವ ಮನೆ ಯಾವುದಾದರೇನು ಅದಕ್ಕೆ, ಇನ್ನೊಂದು ಹೆಜ್ಜೆ ಸರಿದೆ, ದರ್ಜಿ ಹೊಲಿಗೆ ನಿಲ್ಲಿಸಿದ, ಬಾ ಬಾ, ಒಳಗೇ ಬಾ, ಹೇಗೂ ಅಳತೆ ನಡೀತಿದೆ, ನಿನಗೂ ಒಂದು ಅಂಗಿ ಹೊಲಿದುಬಿಡ್ತೀನಿ, ಮದುವೆಗೆ ಬೇಕಾಗುತ್ತಲ್ಲ ಅಂದ, ಅವನ ಮಗಳು ಒಳಗಿಂದ ಕಿಸಕ್ಕೆಂದಳು, ನನ್ನ ಮುಖ ಉರಿಯಿತು, ಆದರೂ ಕಾಲು ಅಲ್ಲೇ, ಕಿತ್ತುಕೊಂಡು ಬರಲಿಲ್ಲ, ನೋಡು ತಂಗಿ, ಇಲ್ಲಿ ನಿಂತಿದ್ದೇನೆ, ಇಲ್ಲೇ ಸರಿ ಅನ್ನು, ನಿನ್ನ ಒಂದು ಕಣ್ಣಿಗಲ್ಲದೆ ಇನ್ಯಾರಿಗೆ ಗೊತ್ತಾಗುತ್ತದೆ, ಎರಡೂ ಕೈ ಎತ್ತಿ ಇಳಿಸು. ಅವಳು ದುರ್ಬೀನಿನಿಂದ ಮುಖ ಎತ್ತಿದಳು, ಬರಿಗಣ್ಣಿನಲ್ಲಿ ನನ್ನನ್ನು ನೋಡಿದಳು, ಅಷ್ಟು ದೂರದಿಂದಲೂ ಗೊತ್ತಾಯಿತು ನೋಡಿದ್ದು, ಮತ್ತೆ ಬಗ್ಗಿದಳು, ಮತ್ತೆ ಅದೇ ಕೈ ಚಾಚಿದಳು, ನಿಧಾನವಾಗಿ, ಮಗುವಿಗೆ ಕಲಿಸುವವರ ಹಾಗೆ. ನಮ್ಮ ಮನೆಯ ಕಡೆ. ಅವಳು ತಪ್ಪುವುದಿಲ್ಲ. ತಪ್ಪುವವಳಾಗಿದ್ದರೆ ಈಗ ಅಲ್ಲಿ ನಾನಿರುತ್ತಿದ್ದೆ.

ದರ್ಜಿಯ ಅಂಗಳ ಬಿಟ್ಟೆ, ನಡುಗೋಡೆ ದಾಟಿದೆ, ನಮ್ಮ ಬಾಗಿಲು, ಕೈ ಇನ್ನೂ ಚಾಚಿಯೇ ಇದೆ, ಸಾಲದು, ಒಳಗೆ, ಹೊಸ್ತಿಲಲ್ಲಿ ಅಮ್ಮ ಬಿಂದಿಗೆ ಹಿಡಿದು ನಿಂತಿದ್ದಾಳೆ, ಯಾಕೋ ಒಳಗೆ ಬಂದೆ, ನೀರು ಬೇಕಾ, ಅನ್ನುತ್ತಲೇ ಸರಿದು ದಾರಿ ಬಿಟ್ಟಳು, ಬಾಗಿಲು ಪೂರ್ತಿ ತೆಗೆಯಮ್ಮಾ, ಅಡ್ಡ ಬರುತ್ತೆ ಅಂದ ಡಬ್ಬದ ಹುಡುಗ, ಅಮ್ಮ ತೆಗೆದಳು, ಅವನಿಗೆ ನೀರನ್ನೂ ಕೊಟ್ಟಳು. ಕೋಲು ಸೂರಿಗೆ ತಾಗಿತು, ಬಗ್ಗಿಸಿ ತಂದೆ, ಅಪ್ಪನ ಮಂಚ, ಇನ್ನೊಂದು ಚೂರು, ಕೋಲಿನ ಮೊನೆ ಮಂಚದ ಕಾಲಿಗೆ ತಾಗಿತು, ಕೈ ನಿಂತಿತು. ಇಲ್ಲಿಂದ ಬೀದಿ ಒಂದು ಕೊಳವೆಯ ಹಾಗೆಯೇ ಕಾಣುತ್ತದೆ, ಬಾಗಿಲಿನ ಚೌಕಟ್ಟು, ಕೊನೆಯಲ್ಲಿ ಹಳದಿ ಚುಕ್ಕೆ, ಚುಕ್ಕೆಯ ಹಿಂದೆ ಅವಳು, ಅವಳಿಗೆ ಅದರೊಳಗೆ ನಾವು ಹೇಗೆ ಕಾಣುತ್ತಿದ್ದೇವೆಂದು ನನಗೆ ಗೊತ್ತು, ನೆಲ ಮೇಲೆ, ಮಂಚ ಸೂರಿಗೆ ಅಂಟಿಕೊಂಡಿದೆ, ಅಪ್ಪ ಬೀಳದೆ ಜೋತಾಡುತ್ತಿದ್ದಾನೆ, ಅಮ್ಮನ ಬಿಂದಿಗೆಯಿಂದ ನೀರು ಚೆಲ್ಲುತ್ತಿಲ್ಲ. ಯಾವಾಗ ಗೊತ್ತಾಯಿತೇ ನಿನಗೆ, ನಿನ್ನೆ ತಟ್ಟೆಯ ಮುಂದೆ ಗೊತ್ತಿತ್ತಾ, ಕೋಲು ಹಿಡಿಯೋಕೆ ನೀನೇ ಬಾ ಅಣ್ಣ ಎಂದು ಕರೆದಾಗ ಗೊತ್ತಿತ್ತಾ — ಅಪ್ಪ ಕೈ ಚಾಚಿ ಕೋಲಿನ ಬುಡ ಹಿಡಿದ, ಒಣಗಿದ ಬೆರಳುಗಳು, ಉಜ್ಜಿ ಉಜ್ಜಿ ಉಗುರಿನ ಸಂದಿನಲ್ಲಿ ಉಳಿದ ಹಿತ್ತಾಳೆಯ ಹಸಿರು, ಕಿತ್ತು ಎಸೆಯುತ್ತಾನೆ ಅಂದುಕೊಂಡೆ, ಎಸೆ ಅಪ್ಪ, ನಿನ್ನ ದಮ್ಮಯ್ಯ, ಒಂದು ಸಲ ಏನಾದರೂ ಎಸೆ. ವಾಲಿದೆ ಕಣೋ, ಅಂದ, ನೇರ ಹಿಡಿ, ಮಗು ಕಷ್ಟಪಡ್ತಿದ್ದಾಳೆ. ಅವನೇ ನೇರ ಮಾಡಿದ. ಹುಡುಗ ಬ್ರಶ್ಶನ್ನು ಡಬ್ಬಕ್ಕೆ ಅದ್ದಿದ, ಎಲ್ಲಿ ಸರ್ ಬರೆಯೋದು ಎಂದು ನನ್ನನ್ನು ಕೇಳಿದ, ನನ್ನನ್ನು, ಸರ್ ಎಂದು, ಮತ್ತು ಬೀದಿಯ ಆ ತುದಿಯಲ್ಲಿ ಅವಳ ಎರಡೂ ಕೈಗಳು ಮೇಲೆದ್ದವು, ತಲೆಯ ಮೇಲೆ, ನೆಟ್ಟಗೆ, ಇನ್ನು ಇಳಿಯಬೇಕು, ಇಳಿದರೆ ಸರಿ ಎಂದರ್ಥ, ಇಳಿದಿಲ್ಲ, ಗೆರೆ ಮೇಷ್ಟ್ರು ಏನೋ ಹೇಳುತ್ತಿದ್ದಾರೆ, ಇಳಿದಿಲ್ಲ, ಎತ್ಕೋ ಅಣ್ಣ, ಬ್ರಶ್ಶಿನಿಂದ ಅಪ್ಪನ ಹೊದಿಕೆಯ ಮೇಲೆ ಒಂದು ಹನಿ, ಎರಡು ಕೈ, ಮೇಲೆ, ಎರಡು ಕೈ